ರಾಗಿ ಬಣ್ಣದ ಕಿಟಕಿ

ಗಾರೆ ಯಾವಾಗ ಎಂದು ಕೇಳಿದವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಆ ಸಾಲು ಮಧುಗಿರಿ ಬಸ್ ಸ್ಟ್ಯಾಂಡಿನಿಂದ ಬೆಟ್ಟದ ಬುಡದವರೆಗೂ ಮುಟ್ಟುತ್ತದೆ ಎಂದು ವನಜಾಗೆ ಅನ್ನಿಸಿತ್ತು. ಹಾಲಿನವನು ಕೇಳಿದ್ದ. ಮೀಟರ್ ಓದಲು ಬಂದವನು ಕೇಳಿದ್ದ. ಸಾವಿನ ಮನೆಗೆ ಹೋದಾಗ, ಅಲ್ಲಿಯವರೆಗೆ ಚೆನ್ನಾಗಿಯೇ ಅಳುತ್ತಿದ್ದ ಹೆಂಗಸೊಬ್ಬಳು ಸೆರಗಿನಲ್ಲಿ ಮೂಗು ಒರೆಸಿಕೊಂಡು, ನಿಮ್ಮ ಮನೆ ಗಾರೆ ಎಲ್ಲಿಗೆ ಬಂತು ಎಂದು ವಿಚಾರಿಸಿದ್ದಳು. ಹೊರಗೆ ಗಾರೆ ಮಾಡಿಸುವುದಿಲ್ಲ, ಕೆಂಪು ಇಟ್ಟಿಗೆ ಹೀಗೇ ಕಾಣುವಂತೆ ಬಿಡುತ್ತೇವೆ ಎಂದು ವನಜಾ ಪ್ರತಿಸಲವೂ ಬಿಡಿಸಿ ಹೇಳುತ್ತಿದ್ದಳು. ಕೇಳಿದವರು ಅಯ್ಯೋ ಪಾಪ ಎನ್ನುವ ಮುಖ ಮಾಡಿ, ಆಯ್ತದೆ ಬುಡಮ್ಮ, ಎಲ್ಲಾ ಒಂದೇ ಸಲಕ್ಕೆ ಆಯ್ತದಾ ಎಂದು ಸಮಾಧಾನ ಹೇಳಿ ಹೋಗುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ, ಆ ಸಮಾಧಾನ ಕೇಳಿದರೆ ಮಾತ್ರ ಅವಳ ಮೈಯೆಲ್ಲ ಉರಿಯುತ್ತಿತ್ತು.

ಉರಿಯಲು ಕಾರಣವೂ ಇತ್ತು. ಬಣ್ಣದ ವಿಷಯದಲ್ಲಿ ಅವಳಿಗೆ ಬುದ್ಧಿ ಹೇಳುವ ಧೈರ್ಯ ಪೇಟೆಯಲ್ಲಿ ಯಾರಿಗೂ ಇರಲಿಲ್ಲ. ಅವಳದು ಮ್ಯಾಚಿಂಗ್ ಸೆಂಟರ್. ಸೀರೆಗೆ ಒಪ್ಪುವ ರವಿಕೆ ಬಟ್ಟೆ, ಫಾಲ್ಸ್, ಲೈನಿಂಗು, ದಾರ ಹುಡುಕಿ ಕೊಡುವುದು ಅವಳ ಕಸುಬು. ಬಡವನಹಳ್ಳಿ, ಕೊರಟಗೆರೆ ಕಡೆಯ ಹೆಂಗಸರು ಬಸ್ಸು ಹತ್ತಿ ಅವಳ ಅಂಗಡಿಯನ್ನೇ ಹುಡುಕಿಕೊಂಡು ಬರುತ್ತಿದ್ದರು. ಅಂಗಡಿಯ ಕಟ್ಟಳೆ ಒಂದೇ: ಬಣ್ಣವನ್ನು ಬಾಯಲ್ಲಿ ಹೇಳಬಾರದು, ಸೀರೆಯನ್ನೇ ತರಬೇಕು. ಈರುಳ್ಳಿ ಬಣ್ಣದ ಪೀಸು ಕೊಡಿ ಎಂದರೆ, ಯಾವ ಈರುಳ್ಳಿ, ಮೇಲಿನ ಸಿಪ್ಪೆಯೋ ಒಳಗಿನದೋ ಎಂದು ತಿರುಗಿ ಕೇಳುವಳು. ಬದನೆಕಾಯಿ ಬಣ್ಣ ಎಂದರೆ, ಉದ್ದನೆಯದೋ ಗುಂಡನೆಯದೋ ಎನ್ನುವಳು. ಫೋನಿನಲ್ಲಿ ಬಣ್ಣ ಹೇಳುವವರ ಮೇಲಂತೂ ರೇಗಿಬಿಡುವಳು.

ದಿನವಿಡೀ ಬಣ್ಣಗಳ ನಡುವೆ ಕೂತು ಅವಳಿಗೆ ಸಾಕುಸಾಕಾಗಿತ್ತು. ಪಾವಗಡ ರಸ್ತೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಲು ಹೊರಟಾಗ ಅವಳು ಕೇಳಿದ್ದು, ಹೊರಗೋಡೆಗೆ ಬಣ್ಣ ಬೇಡ ಎನ್ನುವುದನ್ನು ಮಾತ್ರ. ಚೆನ್ನಾಗಿ ಬೆಂದ ಇಟ್ಟಿಗೆ ತರಿಸೋಣ, ಸಂದುಗಳನ್ನು ಅಚ್ಚುಕಟ್ಟಾಗಿ ತುಂಬಿಸೋಣ, ಅಷ್ಟಕ್ಕೇ ಬಿಡೋಣ. ಸಂಜೆ ಅಂಗಡಿ ಮುಚ್ಚಿ ಬಂದಾಗ ಯಾವುದಕ್ಕೂ ಮ್ಯಾಚಿಂಗ್ ಕೇಳದ ಒಂದು ಗೋಡೆ ಅವಳ ಕಣ್ಣಿಗೆ ಬೀಳಬೇಕಿತ್ತು. ಮದುವೆಯಾಗಿ ಬಂದಾಗಿನಿಂದ ಇದು ನನಗೆ ಬೇಕೇಬೇಕು ಎಂದು ಅವಳು ಹಟ ಹಿಡಿದದ್ದು ಇದೊಂದಕ್ಕೇ.

ಗಂಡ ಪಾಲಾಕ್ಷ ಒಪ್ಪಿದ. ಅವನು ಒಪ್ಪಿದ್ದರಲ್ಲಿ ಹೆಚ್ಚುಗಾರಿಕೆಯೇನೂ ಇರಲಿಲ್ಲ. ಮಧುಗಿರಿಗೂ ಪಾವಗಡಕ್ಕೂ ಖಾಸಗಿ ಬಸ್ಸು ಓಡಿಸುವ ಅವನು ಸ್ಟೇರಿಂಗ್ ಹಿಡಿದಾಗ ಬಿಟ್ಟರೆ ಬೇರೆ ಯಾವಾಗಲೂ ತಾನಾಗಿ ಒಂದು ಕಡೆಗೆ ತಿರುಗಿದವನಲ್ಲ. ಕೊನೆಯಲ್ಲಿ ಯಾರು ಮಾತಾಡಿದರೋ ಅವರ ಕಡೆ. ಆದರೆ ಮನೆ ಅಣ್ಣತಮ್ಮಂದಿರಿಬ್ಬರದು. ಕೆಳಗೆ ಪಾಲಾಕ್ಷನ ಸಂಸಾರ, ಮೇಲೆ ಅವನ ಅಣ್ಣ ಪಾಲಣ್ಣ. ಪಾಲಣ್ಣ ಮಾರುಕಟ್ಟೆಯಲ್ಲಿ ಹಮಾಲರ ಮೇಸ್ತ್ರಿ, ಹೆಂಡತಿ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಊಟ. ಒಳ್ಳೆಯ ಮನುಷ್ಯನೇ, ಮೂಟೆ ಎತ್ತಿಸುವ ದನಿಯಲ್ಲೇ ಮನೆಯಲ್ಲೂ ಮಾತಾಡುತ್ತಾನೆ ಅನ್ನುವುದೊಂದು ತಾಪತ್ರಯ. ಗೋಡೆ ಏಳುವವರೆಗೂ ಅವನು ಸುಮ್ಮನಿದ್ದ, ಏಕೆಂದರೆ ಇಟ್ಟಿಗೆಯನ್ನು ಬರಿಮೈಯಲ್ಲಿ ಬಿಡುತ್ತಾರೆಂದು ಅವನಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಹೊಳೆದ ದಿನ ಒಂದು ಟ್ರ್ಯಾಕ್ಟರ್ ಗಾರೆ ಮರಳು ತರಿಸಿ ಮನೆಮುಂದೆ ಸುರಿಸಿದ.

ಶಿರಾದಲ್ಲಿ ಅವನು ಒಂದು ಮನೆ ನೋಡಿ ಬಂದಿದ್ದ. ಗೋಡೆಗೆ ಅರಿಶಿನ, ಸಜ್ಜಕ್ಕೆ ನೇರಳೆ, ಕಂಬಗಳಿಗೆ ಕಿತ್ತಳೆ, ಕಂಬದ ತಲೆಯ ಮೇಲೆ ಗುಲಾಬಿ ತಾವರೆ. ಅಂಥದ್ದೇ ಬೇಕು ಎಂದ. ಫೋನಿನಲ್ಲಿ ಅದರ ಫೋಟೋ ನೋಡಿದ ವನಜಾ, ಇದಕ್ಕೆ ರವಿಕೆ ಹುಡುಕಲು ನನ್ನ ಕೈಲಾಗುವುದಿಲ್ಲ ಎಂದಳು. ಮಾತಿಗೆ ಮಾತು ಬೆಳೆಯಿತು. ಪಾಲಾಕ್ಷ ಒಮ್ಮೆ ಇವಳ ಮಾತಿಗೆ, ಒಮ್ಮೆ ಅಣ್ಣನ ಮಾತಿಗೆ ತಲೆಯಾಡಿಸುತ್ತ ಕೂತಿದ್ದ. ಕೊನೆಗೆ ಪಾಲಣ್ಣನೇ ತೀರ್ಮಾನ ಹೇಳಿದ.

"ಕಿಟ್ಕಿ ಕೂರೋಗಂಟ ಸುಮ್ಕಿರ್ತೀನಿ ಕಣಮ್ಮ. ಕಿಟ್ಕಿ ಇಟ್ಮೇಲೆ ನೋಡ್ದೋರು ಇದು ಮುಗ್ದಿರೋ ಮನೆ ಅಂದ್ರೆ ಮರಳು ವಾಪಸ್ ಕಳುಸ್ತೀನಿ. ಆಗ್ಲೂ ಗಾರೆ ಯಾವಾಗ ಅಂತ ಕೇಳುದ್ರೆ ನೀನು ತುಟಿ ಪಿಟಕ್ ಅನ್ನಂಗಿಲ್ಲ."

ವನಜಾ ಒಪ್ಪಿದಳು, ಬೇರೆ ದಾರಿ ಇರಲಿಲ್ಲ. ಇಡೀ ಗೋಡೆಯ ಹಣೆಬರಹ ಈಗ ಕಿಟಕಿಯ ಬಣ್ಣದ ಮೇಲೆ ನಿಂತಿತು. ಕಿಟಕಿಯ ಜಾಗಕ್ಕೆ ತಗಡು ಅಡ್ಡವಿಟ್ಟು ಆಗಲೇ ಆ ಮನೆಗೆ ಬಂದು ಸೇರಿದ್ದರಿಂದ, ಹೋಗುವಾಗ ಬರುವಾಗ ಆ ಮರಳು ಗುಡ್ಡೆ ಅವಳ ಕಾಲಿಗೆ ಸಿಗುತ್ತಿತ್ತು, ಚಪ್ಪಲಿಯೊಳಗೆ ಸೇರಿಕೊಂಡು ಅಂಗಡಿಯವರೆಗೂ ಬರುತ್ತಿತ್ತು.

ಕಿಟಕಿಗಳು ಅಲ್ಯೂಮಿನಿಯಮ್ಮಿನವು. ಮಾಡಿಕೊಡಲು ಒಪ್ಪಿದವನು ಪಾವಗಡದ ಲಕ್ಷ್ಮೀಪತಿ. ರಾಯಚರ್ಲು ಕಡೆಯ ಸೋಲಾರ್ ಆಫೀಸುಗಳಿಗೆ ಕಿಟಕಿ ಕೂರಿಸಿ ಹೆಸರು ಮಾಡಿದವನು. ಪಾಲಾಕ್ಷನ ಬಸ್ಸು ನಿಲ್ಲುವ ಕಡೆಯೇ ಅವನ ಅಂಗಡಿ. ಬಣ್ಣದ ಪುಡಿ ಎರಚಿ ಒಲೆಯಲ್ಲಿ ಬೇಯಿಸುತ್ತಾನಂತೆ, ಒಮ್ಮೆ ಬೆಂದರೆ ಮತ್ತೆ ಕುಂಚ ಹಿಡಿಯುವ ಮಾತೇ ಇಲ್ಲವಂತೆ. ಅವನು ಬಸ್ಸಿನಲ್ಲಿ ಕಳಿಸಿದ ಬಣ್ಣದ ಕಾರ್ಡಿನಲ್ಲಿ ಚೌಕಗಳು ಉಗುರಿನಷ್ಟಿದ್ದವು. ಮನೆಯಷ್ಟು ದೊಡ್ಡದಕ್ಕೆ ಉಗುರಿನಷ್ಟರಲ್ಲಿ ಆರಿಸಬೇಕು ಎಂದುಕೊಂಡೇ ವನಜಾಳ ಅರ್ಧ ತಾಳ್ಮೆ ಹೋಯಿತು.

ಮಿಕ್ಕ ಅರ್ಧವನ್ನು ಮನೆಯವರು ತೆಗೆದರು. ಅತ್ತೆ ಬೊಮ್ಮಕ್ಕನಿಗೆ ಆರಿಸುವುದು ಏನಿದೆ ಎನ್ನುವುದೇ ಅರ್ಥವಾಗಲಿಲ್ಲ. ಕಿಟಕಿ ಎಂದರೆ ಹಸಿರು, ಅಪ್ಪನ ಮನೆಯಲ್ಲೂ ಹಸಿರು, ಗಂಡನ ಮನೆಯಲ್ಲೂ ಹಸಿರು, ಆಸ್ಪತ್ರೆಯಲ್ಲೂ ಹಸಿರು. ಪಾಲಣ್ಣನಿಗೆ ನೇರಳೆ ಬೇಕಿತ್ತು, ಹೇಗೂ ಗಾರೆ ಆದ ಮೇಲೆ ಸಜ್ಜಕ್ಕೆ ಹೊಂದುತ್ತದೆ ಎಂದು. ಪಕ್ಕದ ಮನೆಯ ನಂದೀಶ್ವರಯ್ಯ, ನಿವೃತ್ತ ಹೆಡ್ ಮಾಸ್ಟರ್, ಬೆಳಗಿನ ವಾಕಿಂಗ್ ಮುಗಿಸಿ ಬರುವಾಗ ಗೇಟಿನ ಬಳಿ ನಿಂತು ದಿನಕ್ಕೊಂದು ಬಣ್ಣ ಶಿಫಾರಸು ಮಾಡಿ, ಹೋಗುವ ಮುನ್ನ ತಪ್ಪದೆ, ಗಾರೆಯವರು ಯಾವತ್ತು ಬರುತ್ತಾರೆ ಎಂದು ಕೇಳುತ್ತಿದ್ದರು. ಪಾಲಾಕ್ಷ ಹಸಿರಿಗೂ ಹೂಂ ಎಂದ, ನೇರಳೆಗೂ ಹೂಂ ಎಂದ. ಒಂದು ರಾತ್ರಿ ವನಜಾಗೆ ಸಿಟ್ಟು ನೆತ್ತಿಗೇರಿ, ಇನ್ನು ಮೇಲೆ ಬಣ್ಣದ ವಿಷಯಕ್ಕೆ ನೀವು ಬಾಯಿ ಹಾಕಬೇಡಿ, ಹೂಂ ಅನ್ನುವುದೂ ಬೇಡ ಎಂದಳು. ಅದಕ್ಕೂ ಅವನು ಹೂಂ ಎಂದ.

ಅವಳ ಕಣ್ಣಿಗೂ ಯಾವುದೂ ಒಗ್ಗುತ್ತಿರಲಿಲ್ಲ ಅನ್ನುವುದು ನಿಜವೇ. ಬಿಳಿಯನ್ನು ಇಟ್ಟು ನೋಡಿದರೆ ಕೆಂಪು ಗೋಡೆ ಹಲ್ಲು ಕಿರಿದ ಹಾಗಿತ್ತು. ಕಪ್ಪು ತೀರಾ ಗಡುಸಾಯಿತು. ಬೂದು ಬಣ್ಣ ಕಂಡರೆ ಜನ ಸಿಮೆಂಟು ಎಂದುಕೊಂಡು ಮತ್ತೆ ಗಾರೆಯ ಮಾತೇ ತೆಗೆಯುತ್ತಾರೆ. ಅಲ್ಯೂಮಿನಿಯಮ್ಮಿನ ಮೇಲೆ ಮರದ ಗೆರೆ ಬಿಡಿಸಿದ್ದನ್ನು ನೋಡಿದಾಗಲಂತೂ ರೇಷ್ಮೆ ಎಂದು ಹೇಳಿ ಪಾಲಿಸ್ಟರ್ ಮಾರುವವರ ನೆನಪಾಗಿ ಕಾರ್ಡನ್ನು ಮಡಿಸಿಟ್ಟಳು. ಕೊನೆಗೆ ಒಂದು ಇಟ್ಟಿಗೆಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟುಕೊಂಡಳು. ಬಿಡುವಾದಾಗಲೆಲ್ಲ ಬಟ್ಟೆಯ ಚೂರುಗಳನ್ನು ಅದರ ಮೇಲೆ ಹಾಸಿ ನೋಡುವಳು. ಅಂಗಡಿಗೆ ಬಂದವರು ಇಟ್ಟಿಗೆಯನ್ನು ಕಂಡು, ಯಾಕಮ್ಮ, ಕಳ್ಳರ ಕಾಟವಾ ಎಂದು ಕೇಳುವರು.

ಉತ್ತರ ಸಿಕ್ಕಿದ್ದು ಊಟದ ಡಬ್ಬಿಯಲ್ಲಿ. ಮಧ್ಯಾಹ್ನ ಗಲ್ಲಾಪೆಟ್ಟಿಗೆಯ ಮೇಲೆಯೇ ಡಬ್ಬಿ ಬಿಚ್ಚಿ, ಮುದ್ದೆ ಮುರಿದು, ಸಾರಿಗೆ ಅದ್ದುವ ಮುಂಚೆ ಕಣ್ಣು ಅತ್ತ ಹೋಯಿತು. ಮುರಿದ ಮುದ್ದೆಯ ಪಕ್ಕದಲ್ಲಿ ಇಟ್ಟಿಗೆ. ಕಂದು ಎನ್ನುವಂತಿಲ್ಲ, ಬೂದು ಎನ್ನುವಂತಿಲ್ಲ, ಒಳಗೆಲ್ಲೋ ಒಂದೆಳೆ ಕೆಂಪು. ಎರಡೂ ಒಂದೇ ಮಣ್ಣಿನಲ್ಲಿ ಹುಟ್ಟಿದ್ದೆಂಬಂತೆ ಒಂದಕ್ಕೊಂದು ತಕರಾರಿಲ್ಲದೆ ಕೂತಿದ್ದವು. ಇಷ್ಟು ದಿನ ಕಾರ್ಡಿನಲ್ಲಿ ಹುಡುಕಿದ್ದನ್ನು ದಿನಾ ತಿನ್ನುತ್ತಿದ್ದೆನಲ್ಲ ಎಂದು ಅವಳಿಗೆ ನಗು ಬಂತು. ಎಷ್ಟೋ ವಾರಗಳ ಮೇಲೆ ಅವತ್ತು ಊಟ ರುಚಿಸಿತು.

ಊಟ ಮುಗಿಯುತ್ತಿದ್ದಂತೆ ಗಿರಾಕಿಗಳು ಮುತ್ತಿಕೊಂಡರು, ಅದೇ ಹೊತ್ತಿಗೆ ಲಕ್ಷ್ಮೀಪತಿಯ ಫೋನೂ ಬಂತು. ಇವತ್ತು ಬಣ್ಣ ಹೇಳದಿದ್ದರೆ ಕೆಲಸ ಮುಂದಿನ ತಿಂಗಳಿಗೆ ಹೋಗುತ್ತದೆ ಎಂದ. ಕಾರ್ಡಿನಲ್ಲಿ ಇಲ್ಲದ ಬಣ್ಣ ಮಾಡಿಕೊಡುತ್ತೀರಾ ಎಂದು ಇವಳು ಕೇಳಿದಳು. ಯಾವುದಾದರೂ ಸರಿ, ಹೆಸರು ಹೇಳಿ ಎಂದ.

"ರಾಗಿ ಬಣ್ಣ," ಎಂದಳು ವನಜಾ.

"ರಾಗಿ ಕಲರಾ?" ಅವನ ದನಿಯಲ್ಲಿ ಮೆಚ್ಚುಗೆ ಇತ್ತು. "ಚಾಲಾ ಬಾಗುಂಟುಂದಮ್ಮಾ. ಇಟ್ಟಿಗೆಗೆ ರಾಗಿ ಯಾರೂ ಮಾಡ್ಸಿಲ್ಲ. ಶೈನಿಂಗ್ ಕೊಡ್ಲಾ?"

ಮುದ್ದೆಗೆ ಯಾವ ಶೈನಿಂಗು ಎಂದು ಅವಳಿಗೆ ಒಂದು ಗಳಿಗೆ ಗೊತ್ತಾಗಲಿಲ್ಲ. ಆಮೇಲೆ ಬಿಸಿ ಮುದ್ದೆಗೆ ತುಪ್ಪ ಸವರಿದಾಗಿನ ಹೊಳಪು ನೆನಪಾಗಿ, ಚೂರೇ ಚೂರು ಇರಲಿ ಎಂದಳು. ರಾಗಿ ಎಂದ ಮೇಲೆ ಹೊಳಪು ಇಲ್ಲದಿದ್ದರೆ ಹೇಗೆ ಎಂದು ಅವನೂ ಒಪ್ಪಿದ. ಅಷ್ಟರಲ್ಲಿ ಬಡವನಹಳ್ಳಿಯ ಹೆಂಗಸೊಬ್ಬಳು ನವಿಲು ಬಣ್ಣದ ಫಾಲ್ಸ್ ಕೊಡಿ ಎಂದಳು. ವನಜಾ ಫೋನಿಗೆ ಅಂಗೈ ಅಡ್ಡ ಹಿಡಿದು, ಬಣ್ಣ ಬಾಯಲ್ಲಿ ಹೇಳಬೇಡಿ, ಸೀರೆ ತನ್ನಿ ಎಂದು ಅವಳನ್ನು ಗದರಿದಳು. ಗದರಿ, ಕೈ ತೆಗೆದು, ರಾಗಿ ಬಣ್ಣವೇ ಖಾಯಂ ಎಂದು ಅದೇ ಬಾಯಲ್ಲಿ ಲಕ್ಷ್ಮೀಪತಿಗೆ ಹೇಳಿ ಫೋನಿಟ್ಟಳು.

ಕಿಟಕಿಗಳು ಒಂದು ಗುರುವಾರ ಮಧ್ಯಾಹ್ನ ಗೂಡ್ಸ್ ಗಾಡಿಯಲ್ಲಿ ಬಂದವು. ಒಂದೊಂದಕ್ಕೂ ಪ್ಲಾಸ್ಟಿಕ್ ಸುತ್ತಿತ್ತು. ಕೂರಿಸುವವರು ಮುಂದಿನ ವಾರ ಬರುತ್ತಾರೆಂದು ಹೇಳಿ, ಇಳಿಸಿ ಗೋಡೆಗೆ ಒರಗಿಸಿ ಗಾಡಿಯವನು ಹೊರಟುಹೋದ. ಅಂಗಡಿಯ ಕತ್ತರಿಯನ್ನೇ ತಂದಿದ್ದ ವನಜಾ ಎಲ್ಲರೆದುರು ಮುಂಬಾಗಿಲ ಪಕ್ಕದ ದೊಡ್ಡ ಕಿಟಕಿಯ ಪ್ಲಾಸ್ಟಿಕ್ ಸೀಳಿ ಕೆಳಗೆ ಜಾರಿಸಿದಳು. ಬಿಸಿಲು ನೇರ ಅದರ ಮೇಲೆ ಬಿತ್ತು. ಒಳಗಿದ್ದದ್ದು ತಾಮ್ರ. ಈಗತಾನೆ ತಿಕ್ಕಿಟ್ಟಷ್ಟು ಹೊಳೆಯುವ ತಾಮ್ರದ ಬಣ್ಣ.

ಬೊಮ್ಮಕ್ಕ ಹತ್ತಿರ ಬಂದು ಬೆರಳಿನಿಂದ ಮುಟ್ಟಿ ನೋಡಿದಳು.

"ನೀರೊಲೆ ಹಂಡೆ ಇ‌ದ್ದಂಗೈತಲ್ಲೇ. ವಾರಕ್ಕೊಂದ್ ದಪ ಹುಣ್ಸೇಹಣ್ಣು ಹಚ್ಚಿ ಬೆಳಗ್ಬೇಕೇನೆ ಇದ್ನ?"

ಪಾಲಣ್ಣ ನಕ್ಕಿದ್ದರೆ ವಾಸಿಯಿತ್ತು. ಅವನು ನಗಲಿಲ್ಲ. ಅತ್ತ ತಿರುಗಿ ಫೋನು ತೆಗೆದು ಗಾರೆ ಮೇಸ್ತ್ರಿಗೆ ಸೋಮವಾರ ಬರಲು ಹೇಳಿದ. ಹೇಳಿ, ವನಜಾಳ ಕಡೆ ನೋಡದೆ ಒಳಗೆ ಹೋದ. ತನ್ನನ್ನು ಸಣ್ಣವಳನ್ನಾಗಿ ಮಾಡಬೇಕೆಂದು ಅವನು ಹಾಗೆ ಮಾಡಲಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು, ಅದಕ್ಕೇ ಇನ್ನಷ್ಟು ಅವಮಾನವಾಯಿತು.

ಲಕ್ಷ್ಮೀಪತಿಗೆ ಅವಳು ಫೋನಿನಲ್ಲಿ ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಪೂರ್ತಿ ಕೇಳಿಸಿಕೊಂಡು, ಉಸಿರು ತೆಗೆದುಕೊಳ್ಳಲು ಅವಳು ನಿಂತಾಗ ಅವನು ನಿಧಾನವಾಗಿ, ನೀವು ರಾಗಿ ಎಂದಿರಿ, ನಾನು ರಾಗಿಯನ್ನೇ ಮಾಡಿದ್ದೇನೆ ಎಂದ. ರಾಗಿ ಎಲ್ಲಿದೆ ಇದರಲ್ಲಿ, ಇದು ತಾಮ್ರ ಎಂದು ಇವಳು ಕಿರುಚಿದಳು.

"ಅದೇ ಕದಮ್ಮಾ ನಾನು ಹೇಳೋದು. ನಮ್ ತೆಲುಗಲ್ಲಿ ತಾಮ್ರನೇ ರಾಗಿ. ರಾಗಿ ಚೆಂಬು, ರಾಗಿ ಬಿಂದೆ." ಅಷ್ಟು ಹೇಳಿದವನು ತಟ್ಟನೆ ನಿಲ್ಲಿಸಿದ. "ಅಯ್ಯೋ, ನೀವು ಹೇಳಿದ್ದು ರಾಗುಲಾ? ಸಂಗಟಿ ಮಾಡ್ತಾರಲ್ಲ, ತಿನ್ನೋ ರಾಗುಲಾ?"

ವನಜಾ ಮೆಟ್ಟಿಲ ಮೇಲೆ ಕೂತಳು. ಹುಟ್ಟಿದಾಗಿನಿಂದ ತಿಂದ ರಾಗಿ, ಬಸ್ಸಿನಲ್ಲಿ ಎರಡು ಗಂಟೆ ಕೂಡ ಹಿಡಿಯದ ಪಾವಗಡಕ್ಕೆ ಹೋಗುವಷ್ಟರಲ್ಲಿ ತಾಮ್ರವಾಗಿತ್ತು. ಅಲ್ಲಿ ತೆಲುಗೇ ಹೆಚ್ಚು ಎನ್ನುವುದು ಅವಳಿಗೆ ಗೊತ್ತಿರದ ಸಂಗತಿಯಲ್ಲ. ಪಾವಗಡದ ಗಿರಾಕಿಗಳು ಬಂದಾಗ ಅವಳೇ ನಾಲ್ಕು ತೆಲುಗು ಮಾತಾಡಿ ವ್ಯಾಪಾರ ಮಾಡುತ್ತಿದ್ದಳು. ಆದರೆ ಅವರ್ಯಾರೂ ಬಟ್ಟೆ ಅಂಗಡಿಯಲ್ಲಿ ತಾಮ್ರ ಕೇಳಿರಲಿಲ್ಲ.

ಅಲ್ಲಿಯವರೆಗೆ ಕಂಬಕ್ಕೆ ಒರಗಿ ನಿಂತಿದ್ದ ಪಾಲಾಕ್ಷ ಕಾಲು ಬದಲಿಸಿದ. ವನಜಾ ತಲೆಯೆತ್ತಿ ಅವನನ್ನು ನೋಡಿದಳು. ದಿನಾ ಪಾವಗಡಕ್ಕೆ ಹೋಗಿ ಬರುವವನು, ಅಲ್ಲಿನವರ ಜೊತೆ ಅರ್ಧ ದಿನ ತೆಲುಗಿನಲ್ಲೇ ಹರಟುವವನು.

"ನಿಮಗೆ ಗೊತ್ತಿತ್ತಾ?"

"ಲಕ್ಷ್ಮೀಪತಿ ತೆಲುಗಿನಾಗೆ ಹೇಳ್ದ, ನಿಮ್ಮೋರು ರಾಗಿ ರಂಗು ಕೇಳವ್ರೆ ಅಂತ. ನಾನು ತಾಮ್ರ ಅಂತ್ಲೇ ತಿಳ್ಕಂಡೆ. ಒಂಥರಾ ಅನ್ನುಸ್ತು ಕಣೇ, ಆದ್ರೆ ನೀನು ಬಣ್ಣದೋಳು, ನಿಂಗೆ ಗೊತ್ತಿರ್ತದೆ ಅಂತ ಸುಮ್ಕಾದೆ."

"ಒಂದ್ ಮಾತು ಕೇಳ್ಬಾರ್ದಿತ್ತಾ ನನ್ನ?"

"ಬಣ್ಣದ ವಿಷ್ಯಕ್ಕೆ ಬಾಯಿ ಹಾಕ್ಬೇಡಿ ಅಂತ ನೀನೇ ಅಲ್ವಾ ಹೇಳಿದ್ದು?"

ಮದುವೆಯಾದಾಗಿನಿಂದ ಅವಳ ಒಂದು ಮಾತನ್ನು ಅವನು ಅಕ್ಷರಶಃ ನಡೆಸಿಕೊಟ್ಟಿದ್ದರೆ ಅದು ಇದೊಂದೇ. ಅವಳಿಗೆ ಅವನನ್ನು ಬೈಯುವುದಕ್ಕೂ ತ್ರಾಣ ಉಳಿಯಲಿಲ್ಲ. ಬೈದರೂ ಹೂಂ ಎನ್ನುತ್ತಾನೆ ಎಂದುಕೊಂಡು ಎದ್ದು ಒಳಗೆ ಹೋಗಿ ಮುಖ ತೊಳೆದುಕೊಂಡಳು. ನೀರಿನ ಜೊತೆ ಒಂದಿಷ್ಟು ಕಣ್ಣೀರೂ ಹೋಯಿತು. ಕಿಟಕಿ ಹಾಳಾಗಿ ಹೋಗಲಿ, ಇನ್ನು ನಾಲ್ಕು ದಿನದಲ್ಲಿ ತನ್ನ ಗೋಡೆ ಗಾರೆಯ ಕೆಳಗೆ ಮುಚ್ಚಿಹೋಗುತ್ತದಲ್ಲ ಎನ್ನುವುದೇ ಅವಳ ಸಂಕಟವಾಗಿತ್ತು.

ರಾತ್ರಿ ಲಕ್ಷ್ಮೀಪತಿಯೇ ಮತ್ತೆ ಫೋನು ಮಾಡಿದ. ಮನುಷ್ಯ ಒಳ್ಳೆಯವನು, ಅವಳು ಬೈದದ್ದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ತಪ್ಪು ಇಬ್ಬರದೂ ಇದೆ, ಕಿಟಕಿಗಳನ್ನು ವಾಪಸ್ ತರಿಸಿಕೊಂಡು ಬಣ್ಣ ಕೆರೆದು ಬೇರೆ ಬಣ್ಣ ಬೇಯಿಸಿಕೊಡುತ್ತೇನೆ ಎಂದ. ಅವಳಿಗೆ ಹೋದ ಜೀವ ಬಂದಂತಾಯಿತು. ಹಾಗಾದರೆ ಸರಿಯಾಗಿ ಕೇಳಿಸಿಕೊಳ್ಳಿ, ಆ ಬಣ್ಣ ಹೇಗಿರುತ್ತದೆ ಎಂದರೆ ಎಂದು ಶುರು ಮಾಡಿದಳು. ಅವನು ಅಲ್ಲೇ ತಡೆದ.

"ಬಾಯಲ್ಲಿ ಹೇಳ್ಬೇಡಿ ಮೇಡಂ. ಸ್ಯಾಂಪಲ್ ತಗೊಂಡ್ ಬನ್ನಿ."

ಶನಿವಾರ ವನಜಾ ಅಂಗಡಿಗೆ ಬೀಗ ಹಾಕಿ, ಬೆಳಿಗ್ಗೆಯೇ ಮುದ್ದೆ ತೊಳಸಿ, ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು ಗಂಡನ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತಳು. ಡಬ್ಬಿ ತೊಡೆಯ ಮೇಲೆ ಬೆಚ್ಚಗಿತ್ತು. ಪಕ್ಕದಲ್ಲಿ ಕೂತ ಮುದುಕಿ ವಾಸನೆ ಹಿಡಿದು, ಬುತ್ತಿ ಯಾರಿಗಮ್ಮ ಎಂದು ಕೇಳಿದಳು. ಕಿಟಕಿಗೆ ಎಂದಳು ವನಜಾ. ಮುದುಕಿ ಒಂದು ಸಲ ಡಬ್ಬಿಯನ್ನೂ ಒಂದು ಸಲ ಬಸ್ಸಿನ ಕಿಟಕಿಯನ್ನೂ ನೋಡಿ, ಮುಂದಿನ ಸ್ಟಾಪಿನಲ್ಲಿ ಹಿಂದಿನ ಸೀಟಿಗೆ ಹೋದಳು. ಪಾಲಾಕ್ಷ ಕನ್ನಡಿಯಲ್ಲಿ ಎಲ್ಲ ನೋಡಿದ, ಬಾಯಿ ಮಾತ್ರ ಹಾಕಲಿಲ್ಲ.

ಪಾವಗಡ ಸೇರುವಷ್ಟರಲ್ಲಿ ಮುದ್ದೆ ಆರಿ, ಮೇಲೆ ಚರ್ಮ ಕಟ್ಟಿ ಕಪ್ಪಾಗಿತ್ತು. ಡಬ್ಬಿ ತೆರೆದ ಲಕ್ಷ್ಮೀಪತಿ, ಇದಾದರೆ ಸಲೀಸು, ಕಪ್ಪಿಗೆ ಚೂರು ಕಂದು ಬೆರೆಸಿದರಾಯಿತು ಎಂದು ಆರ್ಡರ್ ಪುಸ್ತಕ ತೆಗೆಯಲು ಹೋದ. ವನಜಾ ಅವನ ಕೈ ತಡೆದು, ಮೇಲಿನದಲ್ಲ, ಒಳಗಿನದು ಎಂದು ಮುದ್ದೆ ಮುರಿದು ತೋರಿಸಿದಳು. ಬೆಳಕಿಗೆ ಹಿಡಿದು, ನೆರಳಿಗೆ ಹಿಡಿದು, ಅವನು ಬಣ್ಣ ಬೇಯಿಸಿಟ್ಟಿದ್ದ ಪಟ್ಟಿಗಳನ್ನೆಲ್ಲ ಒಂದೊಂದಾಗಿ ಅದರ ಪಕ್ಕ ಇಟ್ಟು ನೋಡಿದರು. ಬಹಳ ಹೊತ್ತಾದ ಮೇಲೆ ಒಂದು ಪಟ್ಟಿ ಮುದ್ದೆಯ ಪಕ್ಕ ಕೂತು ಕಾಣದಂತಾಯಿತು. ಅದೇ ಎಂದರು ಇಬ್ಬರೂ. ಸೋಮವಾರ ಬೆಳಿಗ್ಗೆ ಕಿಟಕಿ ಒಯ್ಯಲು ಗಾಡಿ ಕಳಿಸುತ್ತೇನೆ ಎಂದು ಅವನು ಮಾತು ಕೊಟ್ಟ, ಪಟ್ಟಿಯನ್ನೂ ಅವಳ ಕೈಗೇ ಕೊಟ್ಟ. ಇನ್ನು ಉಳಿದದ್ದು ಬಾವನ ಕೈಕಾಲು ಹಿಡಿದು ಗಾರೆಯವರನ್ನು ಹದಿನೈದು ದಿನ ಮುಂದೆ ಹಾಕಿಸುವುದು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅದಕ್ಕೆ ಬೇಕಾದ ಮಾತುಗಳನ್ನೇ ಹೊಂದಿಸಿಕೊಂಡು ಬಂದಳು.

ಸಂಜೆ ಬಡಾವಣೆಯ ತಿರುವಿನಲ್ಲಿ ಇಳಿದಾಗ ಮನೆಮುಂದೆ ಜನ ಕಂಡರು. ಮರಳು ಗುಡ್ಡೆ ಇರಲಿಲ್ಲ. ಸೋಮವಾರದವರೆಗೆ ಕಾಯದೆ ಗಾರೆಯವರು ಇವತ್ತೇ ಬಂದುಬಿಟ್ಟರೆಂದುಕೊಂಡು, ಚಪ್ಪಲಿ ಜಾರುತ್ತಿದ್ದರೂ ಓಡಿದಳು.

ಗೋಡೆ ಹಾಗೇ ಇತ್ತು. ಗೋಡೆಯ ನಡುವೆ ಮುಂದಿನ ದೊಡ್ಡ ಕಿಟಕಿಯನ್ನು ಎತ್ತಿ ಕೂರಿಸಿ, ಅಲ್ಲಾಡದಂತೆ ಮರದ ಬೆಣೆ ಹೊಡೆದಿದ್ದರು. ಇಳಿಬಿಸಿಲು ಅದರ ಮೇಲಿತ್ತು. ನಂದೀಶ್ವರಯ್ಯ ಕೈ ಹಿಂದೆ ಕಟ್ಟಿ ನಿಂತಿದ್ದರು. ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ಬೈಕು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಅವರ ಮಧ್ಯೆ ಪಾಲಣ್ಣ, ಮಗಳ ಮದುವೆಯಲ್ಲಿ ನಿಂತ ತಂದೆಯ ಗತ್ತಿನಲ್ಲಿ ಓಡಾಡುತ್ತಿದ್ದ. ವನಜಾಳನ್ನು ಕಂಡವನೇ ಪಕ್ಕಕ್ಕೆ ಕರೆದ.

"ಸುಳ್ಳ್ಯಾಕೆ ಹೇಳ್ಲಿ ಕಣಮ್ಮ, ನಾಕು ಜನ ನೋಡಿ ಉಗೀಲಿ ಅಂತ್ಲೇ ಎತ್ತಿ ಕೂರ್ಸಿದ್ದು. ಆಮ್ಯಾಕೆ ಗಾರೆಗೆ ನೀನೂ ಅಡ್ಡ ಬರಂಗಿಲ್ಲ ಅಂತ. ಮದ್ಯಾನದಿಂದ ಒಬ್ರಾದ್ರೂ ಗಾರೆ ಯಾವಾಗ ಅಂತ ಕೇಳಿದ್ರೆ ಕೇಳು. ಎಲ್ರೂ ಕಿಟ್ಕಿ ಎಲ್ಲಿ ಮಾಡ್ಸಿದ್ದು ಅಂತವ್ರೆ. ಮರಳು ನಂದೀಶ್ವರಯ್ಯನೋರ ಕಾಂಪೌಂಡಿಗೆ ಕೊಟ್ಬುಟ್ಟೆ."

ವನಜಾ ಗೋಡೆಯನ್ನು ನೋಡಿದಳು. ಅವಳ ಕಣ್ಣಿಗೆ ಅದು ಈಗಲೂ ಒಂದಕ್ಕೊಂದು ಒಪ್ಪದ ಎರಡು ಬಾರ್ಡರಿನ ಸೀರೆಯೇ. ಆದರೆ ಆ ಕಣ್ಣು ಸುಳ್ಳು ಹೇಳುವ ಕಣ್ಣಲ್ಲ, ಅದೇ ಬಂತು ಕಷ್ಟ. ಕೈಯಲ್ಲಿದ್ದ ಮುದ್ದೆ ಬಣ್ಣದ ಪಟ್ಟಿಯನ್ನು ಯಾರಿಗೂ ಕಾಣದಂತೆ ಎತ್ತಿ ಇಟ್ಟಿಗೆಯ ಎದುರು ಹಿಡಿದಳು. ಎಷ್ಟು ಚೆನ್ನಾಗಿ ಒಪ್ಪಿತೆಂದರೆ ಪಟ್ಟಿಯ ಮೇಲೆ ಕಣ್ಣೇ ನಿಲ್ಲಲಿಲ್ಲ. ಈ ಬಣ್ಣದ ಕಿಟಕಿ ಇಟ್ಟರೆ ಕಿಟಕಿ ಗೋಡೆಯೊಳಗೆ ಮುಳುಗಿಹೋಗುತ್ತದೆ, ಕಂಡವರಿಗೆ ಬರೀ ಇಟ್ಟಿಗೆ ಕಾಣುತ್ತದೆ, ಮಾರನೇ ದಿನದಿಂದ ಮತ್ತೆ ಅದೇ ಪ್ರಶ್ನೆ, ಅದೇ ಸಮಾಧಾನ, ಮತ್ತೆ ಅದೇ ಮರಳು. ಹಂಡೆಯ ಹಾಗೆ ಹೊಳೆಯುವ ಆ ಕಿಟಕಿ ಮಾತ್ರವೇ ಇದನ್ನು ಬೇಕೆಂದೇ ಹೀಗೆ ಬಿಟ್ಟಿದ್ದಾರೆ ಎಂದು ಊರಿಗೆಲ್ಲ ಹೇಳುತ್ತಿತ್ತು. ತಾನು ಆರಿಸಿದ್ದೇ ಬಂದಿದ್ದರೆ ತನ್ನ ಗೋಡೆ ಹೋಗುತ್ತಿತ್ತು ಎನ್ನುವುದು ಅವಳಿಗೆ ಗೊತ್ತಾಯಿತು. ಗೊತ್ತಾಗಿ ಇನ್ನೂ ಸಿಟ್ಟು ಬಂತು.

"ಕಿಟ್ಕಿ ಇದೇ ಇರ್ಬೇಕು ಮತ್ತೆ," ಎಂದ ಪಾಲಣ್ಣ, ಅವಳ ಮುಖ ನೋಡಿ ಅನುಮಾನ ಬಂದು. "ಬದ್ಲಾಯ್ಸ್ತೀನಿ ಗಿದ್ಲಾಯ್ಸ್ತೀನಿ ಅಂದ್ರೆ ಇನ್ನೊಂದ್ ಲೋಡ್ ಮರಳು ತರ್ಸೋಕೆ ಎಷ್ಟೊತ್ತು."

ಅಷ್ಟರಲ್ಲಿ ನಂದೀಶ್ವರಯ್ಯ ಹತ್ತಿರ ಬಂದರು. ಇದು ನಿಮ್ಮದೇ ಆಯ್ಕೆಯಂತಲ್ಲಮ್ಮ, ಬಹಳ ಯೋಚನೆ ಮಾಡಿ ಆರಿಸಿದ್ದೀರಿ, ಈ ಬಣ್ಣಕ್ಕೆ ಏನೆನ್ನುತ್ತಾರೆ ಎಂದು ಕೇಳಿದರು. ಬೈಕಿನವರೂ ಇತ್ತ ತಿರುಗಿದರು. ಬಸ್ಸು ಬಿಟ್ಟು ಆಗಷ್ಟೇ ಬಂದ ಪಾಲಾಕ್ಷ, ಯಾವತ್ತೂ ಇಲ್ಲದವನು, ಏನೋ ಹೇಳಲು ಬಾಯಿ ತೆರೆದ. ವನಜಾ ಅವನನ್ನು ಒಂದು ನೋಟ ನೋಡಿದಳು. ಅವನು ಬಾಯಿ ಮುಚ್ಚಿದ.

"ರಾಗಿ ಬಣ್ಣ," ಎಂದಳು ವನಜಾ. "ನಾನೇ ಹೇಳಿ ಮಾಡ್ಸಿದ್ದು."

ರಾತ್ರಿ ಊಟಕ್ಕೆ ಮುಂಚೆ ಲಕ್ಷ್ಮೀಪತಿಗೆ ಫೋನು ಮಾಡಿ, ಗಾಡಿ ಕಳಿಸುವುದು ಬೇಡ, ಕಿಟಕಿ ಅದೇ ಇರಲಿ ಎಂದಳು. ಅವನಿಗೆ ಸಂತೋಷವಾಯಿತು, ತಾನು ಮೊದಲೇ ಹೇಳಿರಲಿಲ್ಲವೇ ಎಂದ. ಒಂದು ಮಾತು ಕೇಳುತ್ತೇನೆ, ನಿಜ ಹೇಳಿ ಎಂದಳು ವನಜಾ. ನಮ್ಮೂರಿನ ಬಿಸಿಲು, ಧೂಳು ನಿಮಗೆ ಗೊತ್ತು. ಎಷ್ಟು ದಿನಕ್ಕೆ ಈ ಹೊಳಪು ಹೋಗಿ ಮುದ್ದೆ ಬಣ್ಣಕ್ಕೆ ಬರಬಹುದು?

ಅವಳಿಗೆ ಅದೇ ಹೆದರಿಕೆ ಎಂದು ಅವನು ತಿಳಿದುಕೊಂಡ.

"ಭಯಪಡ್ಬೇಡಿ ಮೇಡಂ. ಅದು ನಿಜವಾದ ರಾಗಿ ಅಲ್ಲ ಕದಾ, ಕಪ್ಪಾಗೋಕೆ. ಹದಿನೈದು ವರ್ಷ ಇವತ್ತು ಹೆಂಗೈತೋ ಅಂಗೇ ಇರ್ತದೆ. ನಾ ಮಾತು."

ಅವಳು ಫೋನಿಟ್ಟಳು. ಅಡುಗೆಮನೆಯಲ್ಲಿ ಪಾಲಾಕ್ಷ ಪಾವಗಡಕ್ಕೆ ಹೋಗಿ ಬಂದ ಡಬ್ಬಿ ಬಿಚ್ಚಿಕೊಂಡು ಕೂತಿದ್ದ. ಇದು ತಿನ್ನುವುದಾ ಇಡುವುದಾ ಎಂದು ಕೇಳಿದ. ತಿನ್ನಿ ಎಂದಳು. ಒಂದು ತುತ್ತು ನುಂಗಿ, ಲಕ್ಷ್ಮೀಪತಿ ಏನಂದ ಎಂದು ಕೇಳಿದ.

"ಗ್ಯಾರಂಟಿ ಕೊಟ್ಟ," ಎಂದಳು ವನಜಾ.